ಗೋಡೆ ಪಕ್ಕದ ಏಳು ಬಳ್ಳಿಗಳು

ಪೊಮ್ಮಾರ್, ಬರ್ಗಂಡಿ
೯ ಜುಲೈ ೧೮೯೩, ಭಾನುವಾರ

ಪ್ರೀತಿಯ ಫಿಲಿಬೆರ್ ಅಣ್ಣಾ,

ನಿನ್ನ ಕೆಮ್ಮು ಹೇಗಿದೆ? ಅಲ್ಜೀರಿಯದ ಬಿಸಿಲಿಗಾದರೂ ಅದು ಹೋಗಿರಬೇಕು. ದಂಡಿನ ರೊಟ್ಟಿಯನ್ನು ಎಷ್ಟಾದರೂ ಬೈ, ಆದರೆ ತಿನ್ನದೆ ಇರಬೇಡ. ಇಲ್ಲಿ ಅಪ್ಪನ ಮಂಡಿನೋವು ಬಿಟ್ಟರೆ ಎಲ್ಲರೂ ಆರಾಮ. ಈ ಸಲದ ಬಿಸಿಲು ನೋಡಿದರೆ ದ್ರಾಕ್ಷಿ ಆಗಸ್ಟಿನಲ್ಲೇ ಕೊಯ್ಲಿಗೆ ಬರುವ ಹಾಗಿದೆ.

ಹೋಗುವ ಮುಂಚೆ ನೀನು ಕಸಿ ಕಟ್ಟಿ ನೆಟ್ಟೆಯಲ್ಲ, ಕೆಳಗೆ ಬೇರು ತಿನ್ನುವ ಹುಳಕ್ಕೆ ಜಗ್ಗದ ಅಮೆರಿಕದ ಬೇರು, ಮೇಲೆ ನಮ್ಮ ಪಿನೋ ದ್ರಾಕ್ಷಿ, ಆ ಬಳ್ಳಿಗಳು ಸೊಂಪಾಗಿವೆ. ಆದರೆ ಚಳಿಗಾಲಕ್ಕೆಂದು ಬುಡಕ್ಕೆ ಏರಿಸಿದ ಮಣ್ಣನ್ನು ಅಪ್ಪ ವಸಂತದಲ್ಲಿ ಇಳಿಸಲೇ ಇಲ್ಲ. ದಿನಾ ಬೆಳಿಗ್ಗೆ ಗುದ್ದಲಿ ಹಿಡಿದು ಇನ್ನಷ್ಟು ಏರಿಸುತ್ತಿದ್ದರು. ಹೋದ ವಾರ ಕೆದಕಿ ನೋಡಿದೆ. ಕಸಿಗಂಟಿನ ಮೇಲಿಂದ ಪಿನೋ ತನ್ನದೇ ಬೇರು ಬಿಟ್ಟಿತ್ತು! ಆ ಬೇರು ಬಲಿತರೆ ಅಮೆರಿಕದ್ದು ಸೊರಗುತ್ತದೆ, ಆಮೇಲೆ ಹುಳ ಬಂದು ಇಡೀ ತೋಟ ಹೋಗುತ್ತದೆ. ಕಸಿ ಕಟ್ಟುವುದರ ಬಗ್ಗೆ ನಾನು ಓದುವ ಕಿರುಹೊತ್ತಗೆಯ ಹನ್ನೊಂದನೆಯ ಪುಟ ತೆರೆದು ಅಪ್ಪನ ಮುಂದೆ ಹಿಡಿದೆ. "ಅದನ್ನ ಬರೆದೋನು ಯಾವತ್ತಾದ್ರೂ ಒಂದು ಲೋಟ ವೈನ್ ಮಾಡಿದಾನೇನೇ?" ಎಂದರು. ಸಿಟ್ಟು ಬಂತು. ಅಜ್ಞಾನವೇ ಹುಳಕ್ಕಿಂತ ದೊಡ್ಡ ಹುಳ ಎಂದುಬಿಟ್ಟೆ. ಅವರು ಮೆಲ್ಲಗೆ, "ಪರದೇಶಿ ಕಾಲ ಮೇಲೆ ನಮ್ಮ ಬಳ್ಳಿ ಎಷ್ಟು ದಿನ ನಿಲ್ಲತ್ತೆ ಮಗಳೇ? ತಾನೇ ಊರಿಕೊಳ್ಳಲಿ ಅಂತಿದ್ದೆ" ಎಂದರು.

ಆದರೂ ಕತ್ತಿ ತಗೊಂಡು ಹೊರಟೆ. ನಾಲ್ಕು ದಿನ ಮಣ್ಣು ಸರಿಸಿ, ಸಾಲುಸಾಲಾಗಿ ಆ ಬೇರುಗಳನ್ನು ಕೊಯ್ದೆ. ಬೇಲಿಯಾಚೆಯಿಂದ ಲಾಜಾರ್ ತಾತ, "ಏನಮ್ಮಾ ಪ್ರೊಫೆಸರ್, ಇವತ್ತು ಯಾವ ಬಳ್ಳಿಗೆ ಪಾಠ?" ಎಂದು ಕಿಚಾಯಿಸಿದ. ಅಪ್ಪ ತಡೆಯಲಿಲ್ಲ. ನನ್ನ ಹಿಂದೆಯೇ ಕುಂಟುತ್ತ ಬಂದು, ಕೊಯ್ದ ಬೇರುಗಳನ್ನು ಒಂದೊಂದಾಗಿ ಆರಿಸಿ ಮೇಲಂಗಿಯ ಜೇಬಿಗೆ ಹಾಕಿಕೊಂಡರು. ತೋಟ ಉಳಿಯಿತು ಅಣ್ಣಾ. ಈ ಕಸಿ ಬಳ್ಳಿಗಳಿಂದ ಹೋದ ವರ್ಷ ಬಂದ ಪುಟ್ಟ ಪೀಪಾಯಿಯ ವೈನನ್ನು ಅವರು ಇನ್ನೂ ಬಾಯಿಗಿಟ್ಟಿಲ್ಲ. ನಾನು ಕುಡಿದೆ. ಎಳಸು, ಆದರೆ ನಮ್ಮ ಮಣ್ಣಿನದೇ.

ಅಪ್ಪ ನಿನಗೆ ಆಶೀರ್ವಾದ ಹೇಳಿದ್ದಾರೆ, ಲಾಜಾರ್ ತಾತ ಹೊಗೆಸೊಪ್ಪು ಕೇಳಿದ್ದಾನೆ.

ನಿನ್ನ ತಂಗಿ,
ಕ್ಲೆಮಾನ್ಸ್

ತಾ.ಕ.: ಎಲ್ಲವನ್ನೂ ಕೊಯ್ದೆ ಎಂದು ಅಪ್ಪನಿಗೆ ಹೇಳಿರುವುದು ಸುಳ್ಳು. ಗೋಡೆ ಪಕ್ಕದ ಏಳು ಬಳ್ಳಿಗಳನ್ನು ಮುಟ್ಟಿಲ್ಲ. ಅವರಿಗೂ ಗೊತ್ತು. ಈಗ ಅಲ್ಲಿ ಮಾತ್ರ ಮಣ್ಣು ಏರಿಸುತ್ತಾರೆ. ಹುಳ ಬಂದ ವರ್ಷ ಆ ಏಳನ್ನೂ ನಾನೇ ಕೀಳಬೇಕು. ಆ ದಿನ ನೀನು ಮನೆಯಲ್ಲಿರು, ಅಣ್ಣಾ.