ಅರಸನ ಕಣ್ಣಿನ ತೂತು

ಪೂಜ್ಯಳಾದ ಅಕ್ಕನಿಗೆ ನಮಸ್ಕಾರಗಳು. ಭಗವಂತನ ಕೃಪೆಯಿಂದ ಇಂದು ಬೆಳಿಗ್ಗೆ ಈ ಊರನ್ನು ತಲುಪಿ, ನೇರವಾಗಿ ನಾಣ್ಯಗಳ ವಸ್ತುಸಂಗ್ರಹಾಲಯಕ್ಕೆ ಹೋದೆನು. ಅಪರೂಪದ ನಾಣ್ಯಗಳನ್ನು ನೋಡಲೆಂದು ಬಂದವನು ಒಂದು ತಾಮ್ರದ ಕಾಸಿನ ಮುಂದೆ ನಿಂತುಬಿಟ್ಟೆನು. ಅದರಲ್ಲಿ ಎರಡು ತೂತುಗಳಿವೆ, ಒಂದು ಅಂಚಿನಲ್ಲಿ, ಇನ್ನೊಂದು ಅರಸನ ಕಣ್ಣಿನಲ್ಲಿ. ದಾರ ಪೋಣಿಸಲೆಂದು ಅಮ್ಮ ತೂತು ಹಾಕುವಾಗ ಮೊಳೆ ಜಾರಿ ಕಣ್ಣಿಗಿಳಿದದ್ದು ನಿನಗೆ ನೆನಪಿರಬೇಕು. ಕಾಸನ್ನು ಹಿಡಿದಿದ್ದವಳು ನೀನೇ. ಅದನ್ನು ಕೊರಳಲ್ಲಿ ಕಟ್ಟಿಕೊಂಡೇ ನನ್ನ ಅವಳಿ ತಮ್ಮನು ಬಾಲ್ಯದಲ್ಲಿ ಹೊಳೆಯ ಪಾಲಾದನು, ದೇಹವೂ ಸಿಗಲಿಲ್ಲ.

ಅಷ್ಟರಲ್ಲಿ ಕಾವಲುಗಾರನು ಬಂದು ನಕ್ಕನು: “ಮತ್ತೆ ಬಂದ್ರಾ ಯಜಮಾನ್ರೇ? ನಿನ್ನೆ ಒದ್ದೆ ಬಟ್ಟೇಲಿ ಇಲ್ಲೇ ನಿಂತಿದ್ರಲ್ಲ, ನೆಲ ಒರೆಸಿ ಒರೆಸಿ ನನ್ನ ಸೊಂಟ ಬಿದ್ದೋಯ್ತು. ಸದ್ಯ, ಇವತ್ತಾದ್ರೂ ಒಣಗಿಸ್ಕೊಂಡು ಬಂದಿದ್ದೀರಿ!” ಇಲ್ಲಿ ಮಳೆಯಾಗಿ ತಿಂಗಳುಗಳೇ ಕಳೆದಿವೆಯಂತೆ.

ನನ್ನ ಆರೋಗ್ಯ ಚೆನ್ನಾಗಿದೆ, ಕೈಯಲ್ಲಿ ಹಣವೂ ಇದೆ. ಆದುದರಿಂದ ಹಿಂದಿರುಗುವುದು ತಡವಾದೀತು. ನಾಳೆ ಬಾಗಿಲು ತೆರೆದೊಡನೆ ಅಲ್ಲಿಗೇ ಹೋಗಿ ಕುಳಿತಿರುವೆನು. ನೀನು ಮಾತ್ರ ಸಂಜೆಯ ಪ್ರಾರ್ಥನೆಯಲ್ಲಿ ಗತಿಸಿದವರ ಜೊತೆಗೆ ಅವನ ಹೆಸರನ್ನು ಇನ್ನು ಹೇಳಬೇಡ. ಕಾರ್ಡಿನಲ್ಲಿ ಜಾಗ ಮುಗಿಯಿತು.

ಇಬ್ಬರಲ್ಲಿ ದೊಡ್ಡವನಾದ
ನಿನ್ನ ತಮ್ಮ