ಬಾಗಿಲ ಪಕ್ಕದ ಕುರ್ಚಿ

ಪ್ರೀತಿಯ ಅಕ್ಕನಿಗೆ,

"ಗುಬ್ಬಿಯಂತೂ ತೀರಿಕೊಂಡ. ನೀನೂ ಹೀಗೆ ಮೂಲೆ ಹಿಡಿದು ಕೂತ್ರೆ ಹೇಗೇ? ನಾಲ್ಕು ಕಡೆ ಓಡಾಡು" ಅಂತ ಫೋನಿನಲ್ಲಿ ಗದರಿದೆಯಲ್ಲ, ಓಡಾಡಿದೆ. ಗ್ರಂಥಾಲಯಕ್ಕೆ ಹೋದೆ. ಅಲ್ಲಿಯ ಮೇಡಂಗೆ ವಿಷಯ ಗೊತ್ತಿಲ್ಲ, ಪಾಪ. "ನಿಮ್ಮ ಮಗನಿಗೆ ಆನೆ ಪುಸ್ತಕ ಎತ್ತಿಟ್ಟಿದ್ದೀನಿ" ಅಂತ ನಗುತ್ತಾ ಕೊಟ್ಟರು. ತೆಗೆದುಕೊಂಡು ಬಂದುಬಿಟ್ಟೆ. ನೀನು ಬಂದಾಗ ಅದನ್ನು ವಾಪಸ್ ಕೊಟ್ಟುಬಿಡು.

ನಿನ್ನೆ ಸಂಗೀತಕ್ಕೂ ಹೋದೆ. ಟಿಕೆಟ್ ತೆಗೆಸುವಾಗ ಯಾವ ಕುರ್ಚಿ ಅಂತ ನೀನು ಕೇಳಿದಾಗ, ಬಾಗಿಲ ಪಕ್ಕದ್ದು ಎಂದು ಯೋಚಿಸದೆ ಹೇಳಿಬಿಟ್ಟಿದ್ದೆ. ಗುಬ್ಬಿ ಅತ್ತರೆ ಎತ್ತಿಕೊಂಡು ಹೊರಗೆ ಓಡಲು ಅದೇ ಅನುಕೂಲವಾಗಿತ್ತಲ್ಲ. ಅಭ್ಯಾಸ.

ಪಿಟೀಲು ಚೆನ್ನಾಗಿತ್ತು ಅಂತ ಎಲ್ಲರೂ ಹೇಳಿದರು. ನನಗೆ ಕೇಳಿಸಿದ್ದು, ಮುಂದಿನ ಸಾಲಿನಲ್ಲಿ ಯಾರದೋ ಮಗು ಅಳತೊಡಗಿದ್ದು. ಎದ್ದದ್ದು ಯಾವಾಗಲೋ ಗೊತ್ತಿಲ್ಲ. ನೋಡಿದರೆ ಹೊರಗೆ ಕಾರಿಡಾರಿನಲ್ಲಿದ್ದೆ. ಕೈಚೀಲವನ್ನು ಎದೆಗವಚಿಕೊಂಡು, ಮೆಲ್ಲಗೆ ತಟ್ಟುತ್ತಾ, ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿದ್ದೆ.

ಗಲಾಟೆ ತಾಳಲಾರದೆ ಎದ್ದು ಬಂದಿದ್ದೇನೆ ಅಂದುಕೊಂಡರೋ ಏನೋ, ಬಾಗಿಲು ಕಾಯುವವರು ಬಂದು ಹೇಳಿದರು: "ಮಗು ಸುಮ್ಮನಾಯ್ತು ಮೇಡಂ. ಇನ್ನು ನಿಮಗೆ ತೊಂದ್ರೆ ಇಲ್ಲ, ಒಳಗೆ ಬನ್ನಿ."

ನಾನು ಮನೆಗೆ ಬಂದೆ.

ಮುಂದಿನ ತಿಂಗಳ ಟಿಕೆಟ್ ಬೇಡ ಅಂದರೆ ನೀನು ಕೇಳುವವಳಲ್ಲ. ತೆಗೆಸುವುದಾದರೆ ಸಾಲಿನ ನಟ್ಟನಡುವೆ ತೆಗೆಸಕ್ಕಾ. ಎರಡೂ ಕಡೆ ಜನ ತುಂಬಿರಲಿ. ಎದ್ದು ಹೋಗಲು ನನಗೆ ದಾರಿ ಇರಬಾರದು.

ನಿನ್ನ ತಂಗಿ