ರಾಣಿ ಕೇಳಿದ ಪ್ರಶ್ನೆ

ಅಮ್ಮಾ,

ನಾನು ಗುಂಡುಕಲ್ಲಿನ ಹಾಗಿದ್ದೇನೆ, ಚಿಂತೆ ಬೇಡ. ನೀನು ಕಟ್ಟಿಕೊಟ್ಟ ಸೋಪು, ಸೊಳ್ಳೆಪರದೆ, ಓಆರ್‌ಎಸ್ ಪೊಟ್ಟಣ, ಫ್ಲಾಸ್ಕು ನೋಡಿ ನಮ್ಮ ನಾಟಕ ತಂಡದವರು ನನಗೆ ‘ಸಂಚಾರಿ ಆಸ್ಪತ್ರೆ’ ಎಂದು ಹೆಸರಿಟ್ಟಿದ್ದಾರೆ.

ಹೋದ ವಾರ ದಾರಿಯಲ್ಲಿ ರಾಣಿ ಪಾತ್ರದ ಅಕ್ಕ ಐಸ್ ಹಾಕಿದ ಶರಬತ್ತು ಕುಡಿಯುತ್ತಾ, “ನೀನೂ ಒಂದು ಗುಟುಕು ಕುಡಿಯೇ, ಏನೂ ಆಗಲ್ಲ” ಅಂದಳು. ನಾನು ಕಾಯಿಸಿದ ನೀರಿನ ಫ್ಲಾಸ್ಕು ತೋರಿಸಿದೆ. ಮರುದಿನ ಅವಳು ಹೊಟ್ಟೆ ಹಿಡಿದುಕೊಂಡು ಮಲಗಿಬಿಟ್ಟಳು. ಪರದೆಯ ಹಿಂದೆ ನಿಂತು ಮಾತು ನೆನಪಿಸುವವಳು ನಾನು. ಇಡೀ ನಾಟಕ ಬಾಯಿಪಾಠ. ನಾಟಕದ ಮೇಷ್ಟ್ರು ಕಿರೀಟ ತಂದು ನನ್ನ ತಲೆಗೇ ಇಟ್ಟರು!

ಒಂದು ಮಾತೂ ತಪ್ಪಲಿಲ್ಲ ಅಮ್ಮಾ. ಕೊನೆಯಲ್ಲಿ ರಾಜ ಪಾನಪಾತ್ರೆ ಚಾಚಿದಾಗ ಮಾತ್ರ ಅಭ್ಯಾಸಬಲದಿಂದ, “ಕುದಿಸಿದ ನೀರು ತಾನೇ?” ಎಂದು ಕೇಳಿಬಿಟ್ಟೆ. ರಾಜ ತಬ್ಬಿಬ್ಬಾಗಿ, “ಹೂಂ ಕಣೇ, ಚೆನ್ನಾಗಿ ಕುದಿಸಿ ಆರಿಸಿದ್ದು” ಅಂದ. ಪ್ರೇಕ್ಷಕರು ಬಿದ್ದು ಬಿದ್ದು ನಕ್ಕರು.

ಓಆರ್‌ಎಸ್ ಪೊಟ್ಟಣಗಳೆಲ್ಲ ಅಕ್ಕನಿಗೇ ಮುಗಿದವು, ಇನ್ನಷ್ಟು ಕಳಿಸು. ಅವಳೀಗ ಚೇತರಿಸಿಕೊಂಡು ಮತ್ತೆ ರಾಣಿಯಾಗಿದ್ದಾಳೆ, ನಾನು ಮತ್ತೆ ಪರದೆಯ ಹಿಂದೆ. ಮೇಷ್ಟ್ರು ಆ ಪ್ರಶ್ನೆಯನ್ನು ನಾಟಕದಲ್ಲೇ ಉಳಿಸಿಕೊಂಡಿದ್ದಾರೆ. ಅಕ್ಕ ಎಷ್ಟೋ ಮಾತು ಮರೆಯುತ್ತಾಳೆ. ಅದೊಂದನ್ನು ಮಾತ್ರ ನಾನು ನೆನಪಿಸಬೇಕಾಗಿಯೇ ಇಲ್ಲ.

ನಿನ್ನ
ಸಂಚಾರಿ ಆಸ್ಪತ್ರೆ